ಮೊದ್ಲು ಕಾಟಾದ ಹುಡುಗನ್ನ ಕೇಳ್ರಿ

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಒಂದೇ ನಮೂನಿವು. ಹೊಸಾ ಕೆಲಸ ಶುರು ಆಗೈತಿ, ಮಷಿನ್ ಬಂದೈತಿ, ರೊಕ್ಕಾನೂ ಸ್ಯಾಂಕ್ಷನ್ ಆಗೈತಿ, ಆದ್ರ ಮಂದಿ ಮಕ ತಿರುಗಿಸ್ಯಾರ, ಯಾಕ ಅಂತ ತಿಳಿವಲ್ದು. ಹಂಗಾಗಿ ಪಿಎಫ್, ಪ್ರಮೋಷನ್, ರಜಾದ ಪ್ರಶ್ನಿ ಎಲ್ಲಾ ಮುಂದಿನ ಸಲಕ್ಕ ಕಟ್ಟಿಟ್ಟೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ಹೊಸದಾಗಿ ಓದೋರಿಗೆ ಒಂದು ಮಾತು: ನಾನು ಕೊಪ್ಪಳದ ಕಡೆ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಗೆ ಟೈಪಿಸ್ಟ್ ಅಂತ ಸೇರಿ, ಪ್ಲಾನಿಂಗ್ ಸೆಕ್ಷನ್‌ನ್ಯಾಗ ರಿಟೈರ್ ಆದಾಕಿ. ಎಂಬಿಎ ಓದಿಲ್ಲ. ಬೈಸ್ಕೊಂಡು ಕಲ್ತಿದ್ದನ್ನ ಬರೀತೀನಿ.

ಪ್ರಶ್ನೆ: ಅಕ್ಕಾರೆ ನಮಸ್ಕಾರ. ಬಿಇ ಮುಗಿಸಿ ಒಂದೂವರಿ ವರ್ಷ ಆತು, ಕಾರಟಗಿ ಹತ್ರ ಒಂದು ರೈಸ್ ಮಿಲ್ ಆಫೀಸ್‌ನ್ಯಾಗ ಅದೀನಿ. ಮಿಲ್ಲಿಗೆ ಹೊಸಾ ಸಾಫ್ಟ್‌ವೇರ್ ಹಾಕಾಕತ್ತಾರ, ಗೇಟಿಗೆ ಲಾರಿ ಬಂದ ಕೂಡ್ಲೆ ಟೋಕನ್, ಕಾಟಾದ (ಲಾರಿ ತೂಗೋ ತಕ್ಕಡಿ) ತೂಕ ತಾನ ಕಂಪ್ಯೂಟರ್‌ಗೆ ಹೋಗೋದು, ತೇವಾಂಶ, ಬಿಲ್ಲು, ಎಲ್ಲಾ ಒಂದೇ ಕಡೆ. ಸಾಫ್ಟ್‌ವೇರ್ ಕೊಡೋ ಬೆಂಗಳೂರಿನವ್ರು "ಸ್ಟೇಕ್‌ಹೋಲ್ಡರ್ ಕಮ್ಯುನಿಕೇಶನ್ ಪ್ಲಾನ್ ಕಳಸ್ರಿ" ಅಂದ್ರು, ಅಂದ್ರ ಈ ಕೆಲಸ ಯಾರ್ಯಾರಿಗೆ ತಟ್ಟತೈತಿ, ಅವ್ರಿಗೆ ಏನು, ಯಾವಾಗ, ಹೆಂಗ ಹೇಳೋದು ಅನ್ನೋ ಪಟ್ಟಿ. ನೆಟ್‌ನಿಂದ ಟೆಂಪ್ಲೇಟ್ ಇಳಿಸ್ಕೊಂಡೆ, 14 ಕಾಲಂ ಇದ್ವು, ಎಲ್ಲಾ ತುಂಬಿಸಿದೆ. 62 ಮಂದಿ ವಾಟ್ಸಾಪ್ ಗ್ರೂಪ್ ಮಾಡಿ ದಿನಾ ಅಪ್‌ಡೇಟ್ ಹಾಕಿದೆ. ಮೂರನೇ ದಿನಕ್ಕ ಗ್ರೂಪ್ ತುಂಬ ಗುಡ್ ಮಾರ್ನಿಂಗ್ ಹೂವು, ಯಾರೋ ಟ್ರ್ಯಾಕ್ಟರ್ ಮಾರೋ ಫೋಟೋ ಬ್ಯಾರೆ ಹಾಕ್ಯಾರ. ಹಮಾಲರ ಮೇಸ್ತ್ರಿ ನನ್ನ ಕೂಡ ಮಾತಾಡೋದ ಬಿಟ್ಟಾನ. ಕಾಟಾದ ಹುಡುಗ "ನನ್ನ ಕೆಲಸ ತಗಸಾಕ ಬಂದೀರಲ್ಲ ಮೇಡಂ" ಅಂತ ಎಲ್ಲಾರ ಮುಂದ ಅಂದ. ಸಾವ್ಕಾರ್ರು ಅಣ್ಣತಮ್ಮ ಮೂರು ಮಂದಿ ಅದಾರ, ಮೂರೂ ಮಂದಿ ಬ್ಯಾರೆ ಬ್ಯಾರೆ ಮಾತು ಹೇಳ್ತಾರ. ನವೆಂಬರ್ ಒಂದಕ್ಕ ಚಾಲೂ ಮಾಡ್ಬೇಕಂತ. ನಾನು ಎಲ್ಲಿ ತಪ್ಪಿದೆ?

ಉತ್ತರ: ತಂಗೀ, ಟೆಂಪ್ಲೇಟ್ ತುಂಬಿಸಿದ್ದು ತಪ್ಪಲ್ಲ, ಬೆಂಗಳೂರಿನವ್ರಿಗೆ ಅದನ್ನ ಕಳಿಸಿಬಿಡು, ಅವ್ರ ಫೈಲಿಗೆ ಅದು ಬೇಕು. ನಿನ್ನ ಕೆಲಸಕ್ಕ ಬೇಕಾಗಿದ್ದು ಬ್ಯಾರೆ ಹಾಳಿ. ಗೋಡಿಗಿರೋ ಹಳೇ ಕ್ಯಾಲೆಂಡರ್‌ದು ಒಂದು ತಿಂಗಳು ಹರಕೋ, ಅದರ ಬೆನ್ನಿಗೆ ಬರಿ. ಏನು ಬರೀಬೇಕು ಅಂತ ಆಫೀಸ್‌ನ್ಯಾಗ ಕುಂತು ಯೋಚ್ನಿ ಮಾಡಬ್ಯಾಡ, ನಾಳೆ ಮುಂಜಾನೆ ಗೇಟಿಗೆ ಬರೋ ಮೊದಲನೇ ಲಾರಿ ಹಿಂದ ಹೋಗು, ಅದು ಖಾಲಿಯಾಗಿ ಹೊರಗ ಹೋಗೋ ತನಕ ಬಿಡಬ್ಯಾಡ, ಅದರ ಚೀಟಿ ಯಾರ್ಯಾರ ಕೈಯಾಗ ಹೋಗತೈತಿ ಅವರ ಹೆಸರು ಬರಕೋ. ಗೇಟಿನ ವಾಚ್‌ಮನ್, ಡ್ರೈವರ್, ಕಾಟಾದ ಹುಡುಗ, ಚೀಲಕ್ಕ ಚುಚ್ಚಿ ಸ್ಯಾಂಪಲ್ ತಗಿಯಾವ, ಮೇಸ್ತ್ರಿ, ಗೋಡೌನ್‌ನಾವ, ಗುಮಾಸ್ತ, ದಲಾಲಿ ಅಂಗಡಿಯವ, ಭತ್ತ ತಂದ ರೈತ. ಗೇಟಿನ ಎದುರಿಗೆ ಚಾ ಅಂಗಡಿ ಇರತೈತಲ್ಲ, ಅವನ ಹೆಸರೂ ಬರಿ. ನಗಬ್ಯಾಡ, ನಿಮ್ಮ ಮಿಲ್ಲಿನ ನಿಜವಾದ ಕಮ್ಯುನಿಕೇಶನ್ ಆಫೀಸರ್ ಅವನ, ಡ್ರೈವರ್ ಮಂದಿಗೆ ಸುದ್ದಿ ಹೋಗೋದು ಅಲ್ಲಿಂದ.

ಆಮೇಲೆ ಒಬ್ಬೊಬ್ಬರ ಮುಂದ ಮೂರು ಮಾತು ಬರಿ. ಚಾಲೂ ಆದ ಮರುದಿನ ಇವನ ದಿನದಾಗ ಏನು ಬದಲಾಗತೈತಿ. ಇವಂಗ ಯಾವುದರ ಅಂಜಿಕಿ. ಯಾರ ಬಾಯಿಂದ ಕೇಳಿದ್ರ ನಂಬ್ತಾನ. ನಿನ್ನ 14 ಕಾಲಂನ್ಯಾಗ ಈ ಮೂರೂ ಇರಾಕಿಲ್ಲ ಅಂತ ನಾನು ಚಾಲೆಂಜ್ ಮಾಡ್ತೀನಿ. ಅದರಾಗ ಇರೋದು "ಫ್ರೀಕ್ವೆನ್ಸಿ: ವೀಕ್ಲಿ, ಚಾನೆಲ್: ಇಮೇಲ್". ಮೇಸ್ತ್ರಿಗೆ ಇಮೇಲ್ ಕಳಸ್ತೀಯೇನು?

ಮೇಸ್ತ್ರಿದ ತಗೋ. ನಮ್ಮ ಕಡೆ ಭತ್ತದ ಲೆಕ್ಕ 75 ಕೆಜಿ ಚೀಲದ ಮ್ಯಾಲೆ, ಹಮಾಲಿ ಚೀಲದ ಎಣಿಕಿ ಮ್ಯಾಲೆ. ಅವನು ಗೋಡಿ ಮ್ಯಾಲೆ ಸೀಮೆಸುಣ್ಣದಾಗ ಐದೈದು ಗೀಟು ಎಳದು ಎಣಸ್ತಾನ, ನಾಲ್ಕು ನಿಂತ ಗೀಟು, ಒಂದು ಅಡ್ಡ ಗೀಟು. ಸಂಜಿಗೆ ಆ ಗೀಟು ನೋಡೇ ಹತ್ತು-ಹನ್ನೆರಡು ಮಂದಿಗೆ ಪಗಾರ ಹಂಚ್ತಾನ. ನೀನು ಬಂದು "ಇನ್ಮ್ಯಾಲೆ ಎಲ್ಲಾ ಕಂಪ್ಯೂಟರ್ ಎಣಸತೈತಿ" ಅಂತ ಗ್ರೂಪ್‌ನ್ಯಾಗ ಹಾಕಿದಿ. ಅವಂಗ ಕೇಳಿಸಿದ್ದು ಏನಂದ್ರ, ನಿನ್ನ ಗೀಟು ಇನ್ಮ್ಯಾಲೆ ನಡಿಯಂಗಿಲ್ಲ, ನಿನ್ನ ಮಂದಿ ಮುಂದ ನೀನು ಸುಳ್ಳ. ಮಾತು ಬಿಡದೇ ಇನ್ನೇನು ಮಾಡ್ತಾನ ಪಾಪ. ಇದಕ್ಕ ಚಂದ ಮೆಸೇಜ್ ಬರದ್ರ ಪರಿಹಾರ ಆಗಂಗಿಲ್ಲ, ಒಂದು ತೀರ್ಮಾನ ಬೇಕು: ಮೊದಲ ಹದಿನೈದು ದಿನ ಗೋಡಿ ಗೀಟೂ ಇರ್ಲಿ ಕಂಪ್ಯೂಟರೂ ಇರ್ಲಿ, ಫರಕ್ ಬಂದ್ರ ಆ ಹದಿನೈದು ದಿನ ಗೀಟಿನ ಲೆಕ್ಕಾನ ಪಕ್ಕಾ. ಇದಕ್ಕ ಸಾವ್ಕಾರ್ರು ಹೂಂ ಅಂದಮ್ಯಾಲೆ ಮೇಸ್ತ್ರಿ ಹತ್ರ ಹೋಗು. ನೀನು ಒಬ್ಬಾಕಿನ ಹೋಗಬ್ಯಾಡ, ವಾರದ ಬಟವಾಡಿ ಮಾಡೋ ಸಾವ್ಕಾರ್ರು ಯಾರು ಅದಾರ ಅವ್ರನ್ನ ಕರಕೊಂಡು ಹೋಗು.

ಕಾಟಾದ ಹುಡುಗಂದು ಇನ್ನೂ ನಾಜೂಕು. ಅವ "ನನ್ನ ಕೆಲಸ ಹೋಗತೈತೇನು" ಅಂತ ಕೇಳ್ಯಾನ. ನಿಂಗ ಉತ್ತರ ಗೊತ್ತೈತೇನು? ಇಲ್ಲ. ಸಾವ್ಕಾರ್ರಿಗೂ ಗೊತ್ತಿರಾಕಿಲ್ಲ, ಯಾಕಂದ್ರ ಅವ್ರು ಅದನ್ನ ಯೋಚ್ನೀನ ಮಾಡಿರಾಕಿಲ್ಲ. ಇಂಥ ಹೊತ್ತಿನ್ಯಾಗ "ಇಲ್ಲಪ್ಪ, ಏನೂ ಆಗಂಗಿಲ್ಲ" ಅಂತ ಸಮಾಧಾನ ಮಾಡೋದು ಎಲ್ಲಾಕಿಂತ ದೊಡ್ಡ ತಪ್ಪು, ನಾನು ಮಾಡೀನಿ, ಮೂರು ತಿಂಗಳ ಆದಮ್ಯಾಲೆ ಅದೇ ಮನಷ್ಯಾನ ಮಕ ನೋಡಾಕಾಗ್ಲಿಲ್ಲ. ಮೊದ್ಲು ಸಾವ್ಕಾರ್ರ ಹತ್ರ ಉತ್ತರ ತಗೋ. ಅವ್ರು ಹೇಳೋತನಕ ಹುಡುಗನಿಗೆ "ನಂಗ ಗೊತ್ತಿಲ್ಲ, ಶುಕ್ರವಾರ ಕೇಳಿ ಹೇಳ್ತೀನಿ" ಅನ್ನು, ಶುಕ್ರವಾರ ಖರೇನ ಹೋಗು, ಉತ್ತರ ಸಿಗದಿದ್ರೂ "ಇನ್ನೂ ಸಿಕ್ಕಿಲ್ಲ" ಅಂತ ಹೇಳಾಕಾದ್ರೂ ಹೋಗು. ಇನ್ನೊಂದು, ಆ ಹುಡುಗಂಗ ಗೊತ್ತಿರೋದು ನಿನ್ನ ಸಾಫ್ಟ್‌ವೇರ್‌ನವ್ರಿಗೆ ಗೊತ್ತಿಲ್ಲ: ಯಾವ ಲಾರಿ ಕಾಟಾ ಮ್ಯಾಲೆ ಸೊಟ್ಟ ನಿಲ್ತೈತಿ, ಮಳಿ ಬಂದ್ರ ಪ್ಲಾಟ್‌ಫಾರಂ ಅಡಿಗೆ ನೀರು ನಿಂತು ತೂಕ ಹೆಂಗ ಆಟ ಆಡತೈತಿ, ಕರೆಂಟ್ ಹೋದ್ರ ಏನು ಮಾಡ್ತಾರ. ಅವನ್ನ ಕುಂದ್ರಿಸ್ಕೊಂಡು ಕೇಳು. ಕಮ್ಯುನಿಕೇಶನ್ ಅಂದ್ರ ಹೇಳೋದು ಅಂತ ಎಲ್ಲಾರೂ ತಿಳ್ಕೊಂಡಾರ, ನನ್ನ ಲೆಕ್ಕದಾಗ ಅದರಾಗ ಮುಕ್ಕಾಲು ಕೇಳೋದು.

ರೈತರದು ಒಂದ ಮಾತು. ಸರ್ಕಾರಿ ಖರೀದಿಯಾಗ ಭತ್ತಕ್ಕ ತೇವಾಂಶ 17 ಪರ್ಸೆಂಟ್ ಮಿತಿ, ಆ ನಂಬರ್ ನಮ್ಮ ರೈತರಿಗೆ ಬಾಯಿಪಾಠ. ನಿಮ್ಮ ಹೊಸಾ ಚೀಟಿಯಾಗ ತೇವಾಂಶ ಎಷ್ಟು ಬಂತು, ಅದಕ್ಕ ಎಷ್ಟು ಕೆಜಿ ಕಡದ್ರಿ, ಎರಡೂ ಕನ್ನಡದಾಗ ದೊಡ್ಡ ಅಕ್ಷರದಾಗ ಬರ್ಲಿ. ಅದ ಚೀಟಿ ನಿನ್ನ ರೈತರ ಕಮ್ಯುನಿಕೇಶನ್ ಪ್ಲಾನ್, ಅವ್ರಿಗೆ ಬ್ಯಾರೆ ಮೀಟಿಂಗ್ ಬೇಕಾಗಿಲ್ಲ.

ಈಗ ಆ ವಾಟ್ಸಾಪ್ ಗ್ರೂಪ್. ಒಂದು ಸಣ್ಣ ಲೆಕ್ಕ ಐತಿ, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್‌ನ್ಯಾಗ ಎಲ್ಲಾ ಕಡೆ ಹೇಳಿಕೊಡ್ತಾರ: ಎಷ್ಟು ಮಂದಿ ಅದಾರ ಆ ಸಂಖ್ಯೆನ ಅದಕ್ಕಿಂತ ಒಂದು ಕಡಿಮಿ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡ್ಬೇಕು, ಅಷ್ಟು ದಾರಿಯಾಗ ಮಾತು ಓಡಾಡತೈತಿ. 5 ಮಂದಿ ಇದ್ರ 10 ದಾರಿ. 10 ಮಂದಿ ಇದ್ರ 45. ನಿನ್ನ 62 ಮಂದಿಗೆ 1891. ಇಷ್ಟು ದಾರಿಯ ಗದ್ದಲದಾಗ ನಿನ್ನ ಅಪ್‌ಡೇಟ್ ಕಳದು ಹೋಗತೈತಿ ಅಷ್ಟ. ಗ್ರೂಪ್‌ನ ಅಡ್ಮಿನ್ ಮಾತ್ರ ಹಾಕೋ ಹಂಗ ಮಾಡಿ, ಟೈಮಿಂಗು, ಬಂದ್ ದಿನ, ಇಂಥವು ಮಾತ್ರ ಹಾಕು. ಅಂಜಿಕಿ ಇರೋ ಮಾತು, ರೊಕ್ಕದ ಮಾತು, ಕೆಲಸ ಹೋಗೋ ಮಾತು ಗ್ರೂಪ್‌ನ್ಯಾಗ ಬ್ಯಾಡ, ಕುಂತು ಮಾತಾಡು.

ಸ್ಟೇಕ್‌ಹೋಲ್ಡರ್ ಅನ್ನೋ ಮಾತು ಕಂಪನಿ ಮಂದಿ ಬಾಯಾಗ ಇಷ್ಟು ಓಡಾಡೋ ಹಂಗ ಮಾಡಿದವ್ರು ಅಮೆರಿಕದ ಫ್ರೀಮನ್ ಅಂತ ಪ್ರೊಫೆಸರ್ರು, 1984ರಾಗ. ಅವ್ರು ಹೇಳಿದ್ದ ಮೂಲ ಮಾತು ಸರಳ ಐತಿ, ಕಂಪನಿ ಕೆಲಸದಿಂದ ಯಾರಿಗೆ ತಟ್ಟತೈತೋ, ಯಾರಿಂದ ಕಂಪನಿಗೆ ತಟ್ಟತೈತೋ ಅವ್ರೆಲ್ಲಾ ಲೆಕ್ಕಕ್ಕ ಬರ್ತಾರ, ಬರೇ ಷೇರು ಇದ್ದವ್ರಲ್ಲ. ಇನ್ನೊಂದು ಮೆಂಡೆಲೋ ಅನ್ನೋರ ಹೆಸರಿನ ನಾಲ್ಕು ಮನಿ ಚೌಕ ಐತಿ, ನಿನ್ನ ಟೆಂಪ್ಲೇಟ್‌ನ್ಯಾಗೂ ಇರಬೇಕು ನೋಡು, ಅಧಿಕಾರ ಎಷ್ಟು, ಆಸಕ್ತಿ ಎಷ್ಟು ಅಂತ ನೋಡಿ ಮಂದೀನ ನಾಲ್ಕು ಮನಿಯಾಗ ಕುಂದ್ರಿಸೋದು. ಚೌಕ ಚೊಲೋದ ಐತಿ, ಆದ್ರ ನಮ್ಮ ಹುಡುಗ್ರು ಒಂದ ಸಲ ತುಂಬಿಸಿ ಬಿಟ್ಟುಬಿಡ್ತಾರ. ಜುಲೈದಾಗ ತುಂಬಿಸಿದ್ರ ಮೇಸ್ತ್ರಿ "ಅಧಿಕಾರ ಕಡಿಮಿ" ಮನಿಯಾಗ ಬೀಳ್ತಾನ. ಅದ ನವೆಂಬರ್‌ದಾಗ ಸೋನಾ ಮಸೂರಿ ಕೊಯ್ಲು ಬಂದು ಗೇಟಿನ ಹೊರಗ 30 ಲಾರಿ ನಿಂತಾಗ ಮೇಸ್ತ್ರಿ ಅರ್ಧ ದಿನ ಕೈ ಕಟ್ಟಿ ಕುಂತ್ರ ನಿಮ್ಮ ಮೂರೂ ಸಾವ್ಕಾರ್ರು ಅವನ ಹತ್ರ ನಡಕೊಂತ ಬರ್ತಾರ.

ಅದಕ್ಕ ನವೆಂಬರ್ ಒಂದು ಅನ್ನೋ ತಾರೀಕು ಯಾರು ಇಟ್ರೋ ಅವ್ರಿಗೆ ನಮಸ್ಕಾರ. ಮುಂಗಾರಿ ಭತ್ತ ಬರೋ ತಿಂಗಳಾಗ ಹೊಸಾ ಸಾಫ್ಟ್‌ವೇರ್ ಚಾಲೂ ಮಾಡೋದು ಅಂದ್ರ ಮದಿವಿ ದಿನ ಅಡಿಗಿ ಮನಿಗೆ ಬಣ್ಣ ಹಚ್ಚಿದಂಗ. ಸೆಪ್ಟೆಂಬರ್‌ನ್ಯಾಗ ಲಾರಿ ಕಡಿಮಿ ಇದ್ದಾಗ ಟ್ರಯಲ್ ಮಾಡು, ಆಗದಿದ್ರ ಸುಗ್ಗಿ ಗದ್ದಲ ಇಳದ ಮ್ಯಾಲೆ ಮಾಡ್ರಿ. ಇದನ್ನ ಸಾವ್ಕಾರ್ರಿಗೆ ಹೇಳೋದು ನಿನ್ನ ಪ್ಲಾನ್‌ದ ಮೊದಲನೇ ಸಾಲು. ಮೂರೂ ಮಂದೀನ ಒಂದ ಕ್ವಾಣ್ಯಾಗ ಕುಂದ್ರಿಸಿ, ಒಂದ ಹಾಳಿ ಮುಂದಿಟ್ಟು, ತಾರೀಕು ಯಾವುದು, ಯಾರ ಕೆಲಸ ಏನಾಗತೈತಿ, ಕೊನೀ ಮಾತು ಮೂರು ಮಂದಿಯಾಗ ಯಾರದು, ಇಷ್ಟು ಹೊರಡಿಸ್ಕೊಂಡು ಹೊರಗ ಬಾ. ಅದು ಆಗೋತನಕ ನೀನು ಯಾರಿಗೆ ಏನು ಹೇಳಿದ್ರೂ ಹೊಳ್ಯಾಗ ಹುಣಸಿಹಣ್ಣು ತೊಳದಂಗ, ಮಧ್ಯಾಹ್ನ ಇನ್ನೊಬ್ಬ ಸಾವ್ಕಾರ್ರು ಬ್ಯಾರೆ ಹೇಳಿ ಹೋಗ್ತಾರ.

ಕೊನಿಗೆ ನಿನ್ನ ಹಾಳಿಯಾಗ ಒಂದು ಸಾಲು ಹೆಂಗಿರಬೇಕು ಅಂತ ನಾನ ಬರದು ತೋರಸ್ತೀನಿ: "ಮೇಸ್ತ್ರಿ. ಹೇಳೋರು ಬಟವಾಡಿ ಮಾಡೋ ಸಾವ್ಕಾರ್ರು, ಪಕ್ಕಕ್ಕ ನಾನು. ಸೋಮವಾರ ಮುಂಜಾನೆ 7ಕ್ಕ, ಲಾರಿ ಬರೋದರಾಗ, ಗೋಡೌನ್ ಕಟ್ಟಿ ಮ್ಯಾಲೆ. ಹದಿನೈದು ದಿನ ಗೀಟಿನ ಲೆಕ್ಕ ನಡೀತೈತಿ. ಫರಕ್ ಬಂದ್ರ ಅವತ್ತ ಸಂಜಿನ ಗುಮಾಸ್ತರ ಮುಂದ ಕೂಡಿಸಿ ನೋಡೋದು. ವಾರ ಬಿಟ್ಟು ಮತ್ತ ಹೋಗಿ ಕೇಳೋದು." ಇಂಥವು ಒಂಬತ್ತು ಹತ್ತು ಸಾಲು ಆದ್ರ ಮುಗೀತು.

ಪ್ರಶ್ನೆ: ನಮ್ಮ ಫ್ಯಾಕ್ಟರಿಯಾಗ ದೊಡ್ಡ ಶಟ್‌ಡೌನ್ ಬರಾಕತ್ತೈತಿ, ರಿಪೇರಿಗೆ ಅಂತ ಎಲ್ಲಾ ಬಂದ್ ಮಾಡೋದು. ಕಮ್ಯುನಿಕೇಶನ್ ಲಿಸ್ಟ್ ನಾನು ಮಾಡಾಕತ್ತೀನಿ, ಕಾಂಟ್ರಾಕ್ಟರ್, ಸೇಫ್ಟಿ, ಹೆಡ್ ಆಫೀಸ್ ಎಲ್ಲಾ ಹಾಕೀನಿ. ಪಕ್ಕದ ಊರಿನವ್ರನ್ನೂ ಹಾಕ್ಬೇಕು ಅಂದೆ, ಸೀನಿಯರ್ "ಅವ್ರಿಗೆ ಹೇಳಿದ್ರ ಸುಮ್ನ ಇರೋ ಹುಳಾ ಮೈಮ್ಯಾಲೆ ಬಿಟ್ಕೊಂಡಂಗ" ಅಂದ್ರು. ಯಾರು ಸರಿ? (ಕೊಪ್ಪಳ ತಾಲೂಕು, ಹೆಸರು ಬ್ಯಾಡ ಅಂದಾರ)

ಉತ್ತರ: ನೀವು ಸರಿ. ನಿಮ್ಮ ಸೀನಿಯರ್ ಹೇಳಿದ ಮಾತನ್ನ ನಾನೂ ಒಂದು ಕಾಲಕ್ಕ ಹೇಳೀನಿ, ಅದರ ಕಥಿ ಕೇಳ್ರಿ.

ನಮ್ಮ ಕಿಲ್ನ್ (ಅದಿರು ಕಾಸೋ ದೊಡ್ಡ ಭಟ್ಟಿ) ರಿಪೇರಿ ಇತ್ತು, ಒಳಗಿನ ಅಸ್ತರಿ ಎಲ್ಲಾ ಕಿತ್ತು ಹೊಸಾದು ಹಾಕೋದು. ಲಿಸ್ಟ್ ನಾನ ಮಾಡಿದ್ದು. ಕಾಂಟ್ರಾಕ್ಟ್ ಕೆಲಸದವ್ರಿಗೆ ಕ್ಯಾಂಟೀನ್‌ನ್ಯಾಗ ಹೆಚ್ಚಿನ ಊಟ, ಆಂಬುಲೆನ್ಸ್ ಡ್ರೈವರ್, ರಾತ್ರಿ ಬಸ್ಸು, ಇಷ್ಟೂ ಬರದು ನಂಗ ನಾನ ಶಭಾಶ್ ಅಂದ್ಕೊಂಡಿದ್ದೆ. ರಿಪೇರಿ ಮುಗದು ಕಿಲ್ನ್ ಮತ್ತ ಹೊತ್ತಿಸೋದು ಅಂದ್ರ ನಿಮ್ಗ ಗೊತ್ತೈತಿ, ಉಷ್ಣ ಸಾವಕಾಶ ಏರಸ್ಬೇಕು, ಗ್ಯಾಸ್ ಸರಿಯಾಗಿ ಉರಿಯೋತನಕ ಹೊಗಿ ಸೋಸೋ ಇಎಸ್‌ಪಿ ಚಾಲೂ ಮಾಡಂಗಿಲ್ಲ, ಅಲ್ಲೀತನಕ ಮ್ಯಾಲಿನ ಕ್ಯಾಪ್ ತಗದು ಹೊಗಿ ಹಂಗ ಹೊರಗ ಬಿಡಬೇಕು. ಜನವರಿ ರಾತ್ರಿ. ಗಾಳಿ ತಿರುಗ್ತು. ಮುಂಜಾನೆ ಒಂಬತ್ತಕ್ಕ ಗೇಟಿಗೆ ಅಡ್ಡ ಮೂರು ಟ್ರ್ಯಾಕ್ಟರ್. ಒಬ್ಬಾಕಿ ಅಜ್ಜಿ ಸೀರಿ ಸೆರಗಿನ್ಯಾಗ ಹತ್ತಿ ಕಟ್ಕೊಂಡು ಒಳಗ ಬಂದ್ಲು, ಮ್ಯಾನೇಜರ್ ಟೇಬಲ್ ಮ್ಯಾಲೆ ಸುರುವಿದ್ಲು, ಒಡದ ಬಿಳಿ ಹತ್ತಿ, ಆಕಿ ಹೆಬ್ಬಟ್ಟು ಒತ್ತಿ ತೋರಿಸಿದ್ಲು, ಬಟ್ಟು ಕರ್ರಗ. ಮಾಳಿಗಿ ಮ್ಯಾಲೆ ಒಣ ಹಾಕಿದ ಮೆಣಸಿನಕಾಯಿ ಬ್ಯಾರೆ ಹೋಗಿತ್ತು. "ಒಂದು ಮಾತು ಹೇಳಿದ್ರ ಮುಚ್ಚತಿದ್ದೆ" ಅಂದ್ಲು, ಅಷ್ಟ. ಮ್ಯಾನೇಜರ್ ನನ್ನ ಕಡೆ ನೋಡಿದ್ರು. ನನ್ನ ಲಿಸ್ಟ್‌ನ್ಯಾಗ 38 ಹೆಸರಿದ್ವು, ಆ ಊರಿಂದು ಒಂದೂ ಇರ್ಲಿಲ್ಲ.

ಮುಂದಿನ ಸಲ ಕಿಲ್ನ್ ಹೊತ್ತಿಸೋಕ ಎರಡು ದಿನ ಮೊದಲ ಹೋದ್ವಿ, ಪಂಚಾಯ್ತಿಗೆ ಕಾಗದ ಕೊಟ್ವಿ ಖರೆ, ಆದ್ರ ಕೆಲಸ ಮಾಡಿದ್ದು ಕಾಗದ ಅಲ್ಲ, ಹಾಲಿನ ಡೈರಿ ಮುಂದ ಮುಂಜಾನೆ ಹೊತ್ತಿನ್ಯಾಗ ನಿಂತು ಹೇಳಿದ್ದು. ಯಾವ ರಾತ್ರಿ, ಎಷ್ಟು ಗಂಟಿಯಿಂದ ಎಷ್ಟು ಗಂಟಿತನಕ, ಏನು ಮುಚ್ಚಬೇಕು, ಮರುದಿನ ನೋಡಾಕ ಯಾರು ಬರ್ತಾರ, ಫೋನ್ ಯಾರಿಗೆ. ಹೊಗಿ ಅಷ್ಟ ಬಂತು. ಬೈದ್ರು, ಆದ್ರ ಫೋನ್ ಮಾಡಿ ಬೈದ್ರು, ಟ್ರ್ಯಾಕ್ಟರ್ ತರ್ಲಿಲ್ಲ. ಇದನ್ನ ಓದಿ "ಹೇಳಿಬಿಟ್ರ ಹೊಗಿ ಬಿಡಬಹುದು" ಅಂತ ತಿಳ್ಕೋಬ್ಯಾಡ್ರಿ ಮತ್ತ. ಹೊಗಿ ಕಡಿಮಿ ಮಾಡೋ ಕೆಲಸ ಇಂಜಿನಿಯರ್‌ದು, ಅದರ ಬದಲಿ ಮಾತಾಡೋದು ನನ್ನದಲ್ಲ ನಿಮ್ಮದೂ ಅಲ್ಲ.

ಪ್ರಶ್ನೆ: ರಾಯಚೂರಿನಾಗ ಒಂದು ಹಾಸ್ಟೆಲ್ ಬಿಲ್ಡಿಂಗ್ ಸೈಟ್ ಸೂಪರ್‌ವೈಸರ್ ಅದೀನ್ರಿ. ಜೂನ್‌ಗೆ ಕೊಡಬೇಕು ಅಂತ ಮಾತದ, ಆದ್ರ ಆಗಸ್ಟ್‌ತನಕ ಆಗಲ್ಲ ಅಂತ ನಂಗ ಈಗಲೇ ಕಾಣ್ಲಿಕತ್ತದ. ನಮ್ಮ ಕಾಂಟ್ರಾಕ್ಟರ್ "ಕೇಳೋತನಕ ಯಾರಿಗೂ ಹೇಳಬ್ಯಾಡ" ಅಂತಾರ. ಹೇಳಲೋ ಬ್ಯಾಡೋ?

ಉತ್ತರ: ಹೇಳ್ರಿ. ಹೆಂಗ ಹೇಳೋದು ಅನ್ನೋದಕ್ಕ ನಮ್ಮ ಡ್ಯಾಂ ಕಡೆ ನೋಡ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂ 19ನೇ ಗೇಟಿಂದು ಚೈನ್ ಕಡದು ಗೇಟು ಕೊಚ್ಕೊಂಡು ಹೋತು. 33 ಗೇಟಿನಾಗ ಒಂದು. ಡ್ಯಾಂ ತುಂಬಿತ್ತು, ಭಾರ ಕಡಿಮಿ ಮಾಡಾಕ ಉಳದ ಗೇಟುಗಳಿಂದ ನೀರು ಬಿಟ್ರು, ಹೊಳಿ ದಂಡಿ ಊರಿಗೆಲ್ಲಾ ಎಚ್ಚರಿಕಿ ಹೋತು. ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್ (ನೀರು ತಡಿಯೋ ಕಬ್ಬಿಣದ ಅಡ್ಡ ಹಲಿಗಿ) ಇಳಿಸಿ ಒಂದು ವಾರದಾಗ ಬಂದ್ ಮಾಡಿದ್ರು, ಅದು ಬ್ಯಾರೆ ದೊಡ್ಡ ಕಥಿ.

ಆ ಭಾನುವಾರ ಮುಂಜಾನೆ ನಂಗ ಬಂದ ಫೋನ್ ಹೇಳ್ತೀನಿ. ಹೊಳಿ ದಂಡಿಗೆ ಕೊಟ್ಟ ನಮ್ಮ ಮಾವನ ಮಗಳು: "ನೀರು ಎಷ್ಟಕ್ಕ ಬರತೈತಿ, ದನ ಬಿಚ್ಚಲೇನು?" ಮಾನ್ವಿ ಕಡೆ ಎಡದಂಡಿ ಕಾಲುವಿ ಕೊನೀಭಾಗದಾಗ ಹೊಲ ಇರೋ ಅಳಿಯ: "ಎರಡನೇ ಬೆಳಿಗೆ ನೀರು ಉಳೀತದೇನತ್ತಿ?" ಗಂಗಾವತಿ ಕಡೆ ಒಬ್ಬರು ಮಿಲ್ಲಿನವ್ರು: ಬ್ಯಾಸಿಗಿ ಭತ್ತ ಬರದಿದ್ರ ಮಿಲ್ ಏನು ಮಾಡೋದು ಅಂತ. ನಮ್ಮ ಮನ್ಯಾಗಿನ ರಿಟೈರ್ಡ್ ಇಂಜಿನಿಯರ್‌ಗೆ ಮಾತ್ರ ಚೈನ್ ಯಾಕ ಕಡೀತು ಅನ್ನೋದರ ಚಿಂತಿ. ಒಂದ ಗೇಟು, ನಾಲ್ಕು ಪ್ರಶ್ನಿ. ಟಿವಿಯವ್ರು ಎಲ್ಲಾರಿಗೂ ಒಂದ ಉತ್ತರ ಕೊಡಾಕತ್ತಿದ್ರು, ಇಷ್ಟು ಸಾವಿರ ಕ್ಯೂಸೆಕ್ ಅಂತ. ದನ ಕಟ್ಟಿದಾಕಿಗೆ ಕ್ಯೂಸೆಕ್ ತಗೊಂಡು ಏನು ಮಾಡಾಕಾಗತೈತಿ?

ನಿಮ್ಮ ಹಾಸ್ಟೆಲ್‌ಗೂ ಹಂಗ. "ಕೆಲಸ ಎರಡು ತಿಂಗಳು ತಡ" ಅನ್ನೋದು ನಿಮ್ಮ ಕ್ಯೂಸೆಕ್. ವಾರ್ಡನ್‌ಗೆ ಬೇಕಾಗಿದ್ದು ಜೂನ್‌ನ್ಯಾಗ ಬರೋ ಹುಡುಗ್ಯಾರು ಎಲ್ಲಿ ಮಲಗ್ಬೇಕು ಅನ್ನೋದು, ಆಕಿಗೆ ಈಗ ಹೇಳಿದ್ರ ಬಾಡಿಗಿ ಮನಿ ಹುಡುಕಾಕ ಟೈಮ್ ಸಿಗತೈತಿ, ಮೇ ಕೊನಿಗೆ ಹೇಳಿದ್ರ ಆಕಿ ನಿಮ್ಮ ವೈರಿ. ಇಲಾಖೆಯ ಇಂಜಿನಿಯರ್ರಿಗೆ ಬೇಕಾಗಿದ್ದು ಟೈಮ್ ಎಕ್ಸ್‌ಟೆನ್ಷನ್ ಅರ್ಜಿಗೆ ಕಾರಣ, ದಾಖಲಿ. ಪ್ಲಂಬಿಂಗ್, ಕರೆಂಟ್ ಮಾಡೋರಿಗೆ ಯಾವಾಗ ಬರ್ಬೇಕು ಅನ್ನೋದು, ಇಲ್ಲಂದ್ರ ಬ್ಯಾರೆ ಸೈಟ್ ಹಿಡಕೊಂಡು ಹೋಗ್ತಾರ, ಆಮೇಲೆ ನಿಮ್ದು ಆಗಸ್ಟ್ ಹೋಗಿ ದೀಪಾವಳಿ ಆಗತೈತಿ. ಒಬ್ಬೊಬ್ಬರಿಗೂ ಅವರ ಪ್ರಶ್ನಿಗೆ ಉತ್ತರ ಕಟ್ಕೊಂಡು ಹೋಗ್ರಿ. ಒಟ್ಟು ತಡ ಎಷ್ಟು, ನಡುವ ಏನು ವ್ಯವಸ್ಥಾ, ಮುಂದಿನ ಸುದ್ದಿ ಯಾವ ದಿನ ಕೊಡ್ತೀರಿ. ಕೊನೇದನ್ನ ಮರೀಬ್ಯಾಡ್ರಿ, ಸುದ್ದಿ ಯಾವಾಗ ಬರತೈತಿ ಅಂತ ಗೊತ್ತಿದ್ರ ಮಂದಿ ದಿನಾ ಫೋನ್ ಮಾಡಂಗಿಲ್ಲ.

ಕಾಂಟ್ರಾಕ್ಟರ್ರನ್ನ ಒಪ್ಪಸೋದು ಹೆಂಗ ಅಂದ್ರ ಧರ್ಮದ ಮಾತು ಹೇಳಬ್ಯಾಡ್ರಿ, ಲೆಕ್ಕ ಹೇಳ್ರಿ. ಅರ್ಜಿ ಮೊದಲ ಹಾಕಿದ್ರ ದಂಡದ ಮಾತು ಆಡಾಕ ಜಾಗ ಇರತೈತಿ, ತಾರೀಕು ದಾಟಿದಮ್ಯಾಲೆ ಹಾಕಿದ್ರ ಅಂಗಲಾಚಬೇಕು. ಅವ್ರಿಗೆ ಹೇಳದ ನೀವ ನೇರ ವಾರ್ಡನ್ ಹತ್ರ ಹೋಗಬ್ಯಾಡ್ರಿ ಮತ್ತ, ಕೆಲಸ ನಿಮ್ದು ಹೋಗತೈತಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋ ಯೂನಿಟ್ ಸೂಪರ್‌ವೈಸರ್ ನಾನು. ಬಂಡಲ್‌ಗೆ ಬಾರ್‌ಕೋಡ್ ಹಚ್ಚೋ ಪದ್ಧತಿ ಬಂದೈತೆ. ಇಂಗ್ಲಿಷ್‌ನಲ್ಲಿ ನೋಟಿಸ್ ಹಾಕಿದ್ವಿ, ಆಮೇಲೆ ಕನ್ನಡದಲ್ಲೂ ಹಾಕಿದ್ವಿ, ಆದ್ರೂ ಅರ್ಧ ಟೈಲರ್‌ಗಳು ಹಳೇ ಚೀಟಿನೇ ತರ್ತಾರೆ.

ಉತ್ತರ: ಬಳ್ಳಾರಿ ಅಂದಮ್ಯಾಲೆ ನಿಮ್ಮ ಯೂನಿಟ್‌ನ್ಯಾಗ ತೆಲುಗು ಮಾತಾಡೋರು ಅದಾರ, ಉರ್ದು ಮಾತಾಡೋರು ಅದಾರ, ಮಾತಾಡಾಕ ಮೂರೂ ಬಂದ್ರೂ ಓದಾಕ ಒಂದೂ ಬರದೋರೂ ಅದಾರ. ನೋಟಿಸ್ ಹರದು ಒಗೀರಿ. ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮೂರೂ ಭಾಷೆಯಾಗ ಮಾಡಸ್ರಿ, ನೀವು ಮಾತಾಡಬ್ಯಾಡ್ರಿ, ಲೈನಿನ್ಯಾಗ ಎಲ್ಲಾರೂ ಕೇಳೋ ಒಬ್ಬ ಹಿರೇ ಟೈಲರ್ ಇರ್ತಾನಲ್ಲ ಅವನ ಕಡೆಯಿಂದ ಹೇಳಸ್ರಿ. ಆಮೇಲೆ ನಾಲ್ಕು ಮಂದೀನ ಹಿಡದು "ನಾ ಏನು ಹೇಳ್ದೆ, ನೀ ಹೇಳು ನೋಡೋಣ" ಅನ್ರಿ. ಮನಿಯಾಗ ಹೊಲಿಯೋ ಹೆಣ್ಮಕ್ಕಳಿಗೆ ಬಂಡಲ್ ಒಯ್ದು ಕೊಡೋ ಆಟೋದವನ್ನ ಮರೀಬ್ಯಾಡ್ರಿ, ಹಳೇ ಚೀಟಿ ಬರೋದು ನನಗ ಅನ್ಸೋ ಮಟ್ಟಿಗೆ ಅಲ್ಲಿಂದ.

ಪ್ರಶ್ನೆ: ನಮ್ಮ ಮ್ಯಾನೇಜರ್ ಒಂದು ಇಮೇಲೂ ಓದಲ್ರಿ. ಆಮೇಲೆ "ನಂಗ ಯಾರೂ ಹೇಳೇ ಇಲ್ಲ" ಅಂತಾರ. (ಸಿಂಧನೂರು)

ಉತ್ತರ: ಮೂರು ಸಾಲು ದಾಟಬ್ಯಾಡ್ರಿ. ಮೊದಲನೇ ಸಾಲಿನ್ಯಾಗ ಅವ್ರಿಂದ ಏನು ಬೇಕು. ಎರಡನೇದರಾಗ ಯಾವತ್ತಿನೊಳಗ. ಮೂರನೇದರಾಗ "ಗುರುವಾರದೊಳಗ ಬ್ಯಾಡ ಅನ್ಲಿಲ್ಲ ಅಂದ್ರ ಹಿಂಗ ಮಾಡ್ತೀನಿ". ಕಳಿಸಿ, ಚಾ ಹೊತ್ತಿನ್ಯಾಗ ಬಾಗಿಲದಾಗ ನಿಂತು ಅದನ್ನ ಬಾಯಿಲೆ ಒಂದು ಸಲ ಹೇಳ್ರಿ. ಆದ್ರ ರೊಕ್ಕ ಖರ್ಚಾಗೋ ವಿಷಯಕ್ಕ ಈ ಮೂರನೇ ಸಾಲು ಬ್ಯಾಡ, ಅಲ್ಲಿ ಸಹಿ ಬೇಕ.

ಪ್ರಶ್ನೆ: ಹೋದ ಸಲ ನೀವು "ಯಾರಿಗೆ ಹೇಳಿದ್ರೂ ಸಹಿ ತಗೋರಿ" ಅಂತ ಬರದಿದ್ರಿ. ನಾನು ರಿಜಿಸ್ಟರ್ ಹಿಡಕೊಂಡು ಹೋದೆ. ಲೋಡಿಂಗ್ ಮಂದಿ ಒಬ್ರೂ ಸಹಿ ಮಾಡ್ಲಿಲ್ಲ, ಮೊದಲಿದ್ದ ಮಾತೂ ಹೋತು. (ಕುಷ್ಟಗಿ)

ಉತ್ತರ: ನಂದ ತಪ್ಪು. ಆಫೀಸ್ ಮಂದೀನ ಮನಸಿನ್ಯಾಗ ಇಟ್ಕೊಂಡು ಬರದುಬಿಟ್ಟೆ. ಸಹಿ ಅಂದ್ರ ಆಫೀಸ್‌ನ್ಯಾಗ ಗುರುತು, ಲೋಡಿಂಗ್ ಕಟ್ಟಿ ಮ್ಯಾಲೆ ಸಹಿ ಅಂದ್ರ ಹಿಂದೊಮ್ಮೆ ಯಾರೋ ಹೆಬ್ಬಟ್ಟು ಒತ್ತಿಸ್ಕೊಂಡು ಪಗಾರ ಕಡದ ನೆನಪು. ರಿಜಿಸ್ಟರ್ ಒಳಗಿಡ್ರಿ. ನೀವು ಹೇಳಿದ್ದಕ್ಕ ದಾಖಲಿ ಬೇಕಂದ್ರ ನಿಮ್ಮ ಡೈರಿಯಾಗ ತಾರೀಕು, ಟೈಮು, ಯಾರ್ಯಾರಿದ್ರು, ಅವ್ರು ಏನು ಕೇಳಿದ್ರು ಅಂತ ನೀವ ಬರಕೊಳ್ರಿ. ಒಂದು ವಾರ ಬಿಟ್ಟು ಖಾಲಿ ಕೈಲೆ ಹೋಗ್ರಿ, ಚಾ ನಿಮ್ದು.

ಪ್ರಶ್ನೆ: ಎಲ್ಲಾ ತಯಾರಿ ಆಗಿತ್ತು ಅಕ್ಕಾರೆ, ಚಾಲೂ ಮಾಡೋ ದಿನ ಅಮಾಸಿ ಬಂದೈತಿ ಅಂತ ಸಾವ್ಕಾರ್ರು ಹಿಂದಿನ ರಾತ್ರಿ ಬ್ಯಾಡ ಅಂದ್ರು. ಹುಬ್ಬಳ್ಳಿಯಿಂದ ಬಂದ ಟೆಕ್ನಿಷಿಯನ್ ಲಾಡ್ಜ್‌ನ್ಯಾಗ ಕುಂತಾನ. (ಗಂಗಾವತಿ)

ಉತ್ತರ: ಪ್ಲಾನ್ ಮಾಡೋವಾಗ ಗೋಡಿ ಕ್ಯಾಲೆಂಡರ್ ನೋಡಿರಲಿಲ್ಲ ಅಂತ ಆತು. ನಾನು ಪ್ರತಿ ವರ್ಷ ಜನವರಿಗೆ ಮೊದಲ ಅಮಾಸಿ, ಹಬ್ಬ, ಗವಿಮಠದ ಜಾತ್ರಿ, ಊರ ದ್ಯಾವರ ತೇರು ಎಲ್ಲಾ ಕೆಂಪು ಪೆನ್ನಿನ್ಯಾಗ ಗುರುತು ಹಾಕಿ, ಆಮೇಲೆ ಪ್ರಾಜೆಕ್ಟ್ ತಾರೀಕು ಬರೀತಿದ್ದೆ. ಜಾತ್ರಿ ವಾರದಾಗ ಕೊಪ್ಪಳದಾಗ ಲೇಬರ್ ಹುಡುಕಿ ನೋಡ್ರಿ, ಗೊತ್ತಾಗತೈತಿ. ಈಗ ಹೊಸಾ ತಾರೀಕು ಸಾವ್ಕಾರ್ರ ಬಾಯಿಂದ ಹೊರಡಿಸ್ಕೊಳ್ರಿ. ಸುದ್ದಿ ಮೊದಲ ಕಾಟಾದವಂಗ ಹೋಗ್ಲಿ, ನಾಳೆ ಮುಂಜಾನೆ ಲಾರಿ ನಿಲ್ಸಿ ಚೀಟಿ ಬರಿಯಾವ ಅವನ. ಲಾಡ್ಜ್‌ನ್ಯಾಗಿರೋ ಹುಡುಗನ್ನ ನಾಳೆ ಸುಮ್ನ ಕುಂದ್ರಿಸಬ್ಯಾಡ್ರಿ, ಕಾಟಾದವನ ಪಕ್ಕಕ್ಕ ಸ್ಟೂಲ್ ಹಾಕಿ ಕುಂದ್ರಸ್ರಿ, ಅಮಾಸಿ ದಿನ ನೋಡಾಕ ಯಾರ ಅಡ್ಡಿನೂ ಇಲ್ಲ.